ಎತ್ತದ ಕೈ

ಉತ್ತರ ಗೊತ್ತಿದ್ದರೂ ಕೊಲ್ಲೂರಿನ ಆ ಹುಡುಗ ತರಗತಿಯಲ್ಲಿ ಕೈ ಎತ್ತುತ್ತಿರಲಿಲ್ಲ. ಬಲಗೈ ಬೆರಳುಗಳ ಮೇಲೆ ನಾಲ್ಕು ನರಹುಲಿ. ಪಕ್ಕದವನು ಎದ್ದು ಬೇರೆ ಬೆಂಚಿಗೆ ಹೋದ ದಿನ, ಅವನು ಬ್ಲೇಡಿನಿಂದ ಒಂದನ್ನು ಕೊಯ್ದುಕೊಂಡ. ಕೆಲವು ತಿಂಗಳಲ್ಲಿ ಅದರ ಸುತ್ತ ಮತ್ತೆರಡು ಮೂಡಿದವು. ಅಮ್ಮಮ್ಮ ಅವನನ್ನು ಸೌಪರ್ಣಿಕೆಯಲ್ಲಿ ಮೀಯಿಸಿ, ದೇವಿಗೆ ಹರಕೆ ಹೇಳಿಕೊಂಡರು.

ನರಹುಲಿಗೆ ಕಾರಣ ಪ್ಯಾಪಿಲೋಮಾ ವೈರಸ್. ಚರ್ಮದ ಸಣ್ಣ ಗಾಯವೇ ಅದಕ್ಕೆ ಬಾಗಿಲು. ಅದು ಹೊಕ್ಕ ಜಾಗದ ಕೋಶಗಳು ಲೆಕ್ಕ ಮೀರಿ ಬೆಳೆದು ಗಂಟಾಗುತ್ತವೆ. ನಮ್ಮ ಡಿಎನ್‌ಎ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಿವೆ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಅವುಗಳ ಪಾತ್ರ ದೊಡ್ಡದು. ನರಹುಲಿಯಲ್ಲಿ ಈ ಗುರುತುಗಳು ಆರೋಗ್ಯವಂತ ಚರ್ಮದಲ್ಲಿದ್ದಂತೆ ಇರುವುದಿಲ್ಲ ಎಂಬುದನ್ನು ಜೋರ್ಡನ್ ದೇಶದ ವಿಜ್ಞಾನಿಗಳು ಕಂಡಿದ್ದಾರೆ. ಪುಸ್ತಕ ಅದೇ, ಅಡಿಗೆರೆ ಎಳೆದ ಸಾಲುಗಳು ಬೇರೆ.

ದೇಹದ ರಕ್ಷಣಾ ವ್ಯವಸ್ಥೆ ವೈರಸ್ಸನ್ನು ಗುರುತಿಸಿದರೆ ನರಹುಲಿ ತಾನಾಗಿ ಹೋಗುತ್ತದೆ. ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಸುಮಾರು 2 ವರ್ಷದಲ್ಲಿ ಮಾಯ. ಕೀಳಬಾರದು, ಕೊಯ್ಯಬಾರದು, ಒಂದೇ ಬೈರಾಸು ಬಳಸಬಾರದು. ಹರಡಿದರೆ ಚರ್ಮವೈದ್ಯರಿಗೆ ತೋರಿಸಬೇಕು.

ಮುಂದಿನ ಮಳೆಗಾಲಕ್ಕೆ ಹುಡುಗನ ಬೆರಳುಗಳು ನುಣುಪಾದವು. ಅಮ್ಮಮ್ಮ ಹರಕೆ ತೀರಿಸಿದರು. ಕೈ ಎತ್ತುವ ಧೈರ್ಯ ಬರಲು ಮಾತ್ರ ಅವನಿಗೆ ಮತ್ತೂ ಒಂದು ತಿಂಗಳು ಹಿಡಿಯಿತು.