ವಿಮಾನ ನಿಲ್ದಾಣದ ಮಸಾಲೆ ದೋಸೆ

ಏರ್‌ಪೋರ್ಟುಗಳಲ್ಲಿ ಈಗ "ಲೋಕಲ್" ಅನ್ನುವ ಪದಕ್ಕೆ ಭಾರೀ ಬೆಲೆ. ಪದಕ್ಕೂ ಬೆಲೆ, ಅದರ ಹೆಸರಲ್ಲಿ ತಟ್ಟೆಗೆ ಬಂದು ಬೀಳುವುದಕ್ಕೂ ಬೆಲೆ :-) ಮೊದಲೆಲ್ಲ ಸೆಕ್ಯುರಿಟಿ ದಾಟಿ ಒಳಗೆ ಹೋದರೆ ತಣ್ಣಗಿನ ಸ್ಯಾಂಡ್‌ವಿಚ್ಚು, ಒಣಗಿದ ಪಫ್ಫು, ಕಹಿ ಕಾಫಿ. ಈಗ ಇಡ್ಲಿ-ವಡೆ, ಬಿಸಿಬೇಳೆಬಾತು, ಹಿತ್ತಾಳೆ ಲೋಟದಲ್ಲಿ ಫಿಲ್ಟರ್ ಕಾಫಿ, ಗೋಡೆ ಮೇಲೆ ಹಳೇ ಬೆಂಗಳೂರಿನ ಕಪ್ಪುಬಿಳುಪು ಫೋಟೋ. ಊರು ಬಿಟ್ಟು ಹೋಗುವವರಿಗೆ ಕೊನೇ ಗಳಿಗೆಯಲ್ಲಿ ಊರಿನ ರುಚಿ ಮಾರುವ ಈ ಉಪಾಯ ಯಾರಿಗೆ ಹೊಳೆಯಿತೋ, ಬುದ್ಧಿವಂತರಪ್ಪಾ.

ಲೋಕಲ್ ಅಂತ ಹಟ ಹಿಡಿದು ಹೊರಟರೆ ಬೆಂಗಳೂರು ಏರ್‌ಪೋರ್ಟಿನಲ್ಲಿ ಸಿಗಬೇಕಾದದ್ದು ಮಸಾಲೆ ದೋಸೆ ಅಲ್ಲವೇ ಅಲ್ಲ. 2008ರ ಮೇ ತಿಂಗಳಲ್ಲಿ ಎಚ್ಎಎಲ್ ಬಿಟ್ಟು ವಿಮಾನಗಳೆಲ್ಲ ಹೋಗಿ ಇಳಿದದ್ದು ದೇವನಹಳ್ಳಿಗೆ. ಆ ನೆಲದ್ದು ಅಂದರೆ ಚಕ್ಕೋತ ಹಣ್ಣು, ರಾಗಿ ಮುದ್ದೆ, ಅವರೆಕಾಳಿನ ಸಾರು. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆಯೂ ಉಂಟು. ಆದರೆ ಟ್ರಾಲಿ ಬ್ಯಾಗು ಪಕ್ಕದಲ್ಲಿ ನಿಲ್ಲಿಸಿಕೊಂಡು ಮುದ್ದೆ ನುಂಗುವವರು ಎಷ್ಟು ಮಂದಿ? ಹಾಗಾಗಿ ದೋಸೆ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದರೆ, 2024ರ ಡಿಸೆಂಬರಿನಲ್ಲಿ ನಾನು ಆ ದೋಸೆಯನ್ನು ಅಪ್ಪಯ್ಯನ ಜೊತೆ ಕೂತು ತಿಂದೆ. ಅವರಿಗದು ಮೊದಲ ವಿಮಾನ ಪ್ರಯಾಣ. ಅಮ್ಮ ಹೋದ ಮೇಲೆ ಕುಂದಾಪುರದ ಕಡೆಯ ಮನೆಯಲ್ಲಿ ಒಬ್ಬರೇ ಇದ್ದರು. ಅಕ್ಕ ದೆಹಲಿಯ ದ್ವಾರಕಾದಲ್ಲಿದ್ದಾಳೆ, "ಎರಡು ತಿಂಗಳು ಇದ್ದು ಬರಲಿ" ಅಂತ ಮಾತಾಗಿತ್ತು. ಎರಡು ತಿಂಗಳಿಗೆ ಯಾರಾದರೂ ಹಸು ಮಾರುತ್ತಾರಾ? ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅಪ್ಪಯ್ಯ ಹೋಟೆಲಿನವರು. ಹೋಟೆಲ್ ಇಟ್ಟವರಲ್ಲ, ಹೋಟೆಲಿನಲ್ಲಿ ದುಡಿದವರು. ಹನ್ನೆರಡನೇ ವಯಸ್ಸಿಗೆ ಊರಿನವರೊಬ್ಬರ ಕೈ ಹಿಡಿದು ಬೆಂಗಳೂರಿಗೆ ಬಂದು, ಬಳೇಪೇಟೆಯ ಹತ್ತಿರದ ಹೋಟೆಲೊಂದರಲ್ಲಿ ಮೊದಲು ಲೋಟ ತೊಳೆದು, ಆಮೇಲೆ ಟೇಬಲ್ ಒರೆಸಿ, ಮಾಣಿಯಾಗಿ ನಾಲ್ಕು ಪ್ಲೇಟು ಒಂದೇ ಕೈಯಲ್ಲಿ ಹೊತ್ತು, ಕೊನೆಗೆ ದೋಸೆ ಕಾವಲಿ ಎದುರು ನಿಂತವರು. ಮೊಣಕೈವರೆಗೆ ಕೂದಲಿಲ್ಲದ ಬಲಗೈ ಅವರ ಸರ್ವೀಸ್ ಸರ್ಟಿಫಿಕೇಟು. ಇಪ್ಪತ್ತೈದು ವರ್ಷ ನಿಂತು ಮಂಡಿ ಹೋಯಿತು, ಊರಿಗೆ ವಾಪಸಾದರು.

ಸರಿ, ಎರಡನೇ ಟರ್ಮಿನಲ್. ಬಿದಿರಿನ ಸೂರು, ನೇತುಬಿದ್ದ ಗಿಡಗಳು. ಅಪ್ಪಯ್ಯ ಕತ್ತೆತ್ತಿ ನೋಡಿ "ಇದರ ಧೂಳ್ ತೆಗುದ್ ಯಾರ್ ಮಗಾ?" ಅಂದರು. ಒಳಗೆ ಹೋಗಿ ಹಸಿವಾಯಿತಾ ಅಂದರೆ ಇಲ್ಲ ಅಂದರು, ಕಣ್ಣು ಮಾತ್ರ ಕಾವಲಿ ಇದ್ದ ಅಂಗಡಿಯ ಮೇಲೆ. ಎರಡು ಮಸಾಲೆ ದೋಸೆ, ಎರಡು ಕಾಫಿ ಹೇಳಿದೆ. ಬಿಲ್ಲು ಒಂಬೈನೂರು ದಾಟಿತು. ಚೀಟಿ ಮಡಚಿ ಜೇಬಿಗಿಡುವಷ್ಟರಲ್ಲಿ ಕಿತ್ತುಕೊಂಡು ನೋಡಿಯೇಬಿಟ್ಟರು. "ನಂಗೆ ತಿಂಗಳಿಗೆ ಇಷ್ಟ್ ಸಂಬಳ ಆಪುಕೆ ಎಷ್ಟ್ ವರ್ಷ ಹಿಡಿತ್ ಗೊತ್ತಿತ್ತಾ?" ಅಂದರು. ಸಿಟ್ಟಿನಲ್ಲಲ್ಲ, ಲೆಕ್ಕ ಹಾಕುವವರ ಧಾಟಿಯಲ್ಲಿ.

ಈ ಬೆಲೆಗೆ ಕಾರಣಗಳಿಲ್ಲ ಅಂತಲ್ಲ. ಅಲ್ಲಿ ಅಂಗಡಿಯವರು ಕಟ್ಟುವುದು ಬರೀ ಬಾಡಿಗೆಯಲ್ಲ, ಸಾಮಾನ್ಯವಾಗಿ ವ್ಯಾಪಾರದಲ್ಲೊಂದು ಪಾಲನ್ನೂ ನಿಲ್ದಾಣಕ್ಕೆ ಕೊಡಬೇಕು, ವ್ಯಾಪಾರ ಆಗದಿದ್ದರೂ ಇಂತಿಷ್ಟು ಅಂತ ಕಟ್ಟಲೇಬೇಕು. ಒಳಗೆ ಹೋಗುವ ಒಂದೊಂದು ಮೂಟೆಯೂ ತಪಾಸಣೆಯಾಗಬೇಕು, ತಟ್ಟೆ ತೊಳೆಯುವ ಹುಡುಗನಿಗೂ ಪಾಸು ಬೇಕು. ಇದೆಲ್ಲ ಬಂದು ಕೂರುವುದು ಚಟ್ನಿಯ ಮೇಲೆ. ಅದೇ ತಿಂಗಳು ಕೋಲ್ಕತ್ತಾ ನಿಲ್ದಾಣದಲ್ಲಿ ಸರ್ಕಾರದವರು ಉಡಾನ್ ಯಾತ್ರಿ ಕೆಫೆ ಅಂತ ಶುರು ಮಾಡಿದರು, ಚಹಾ ಹತ್ತು ರೂಪಾಯಿ, ಸಮೋಸ ಇಪ್ಪತ್ತು. 2025ರಲ್ಲಿ ಚೆನ್ನೈಗೂ ಬಂತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಆದರೆ ದರ ಇಳಿಸಿ ಅಂತ ಆಜ್ಞೆ ಮಾಡುವುದೂ ಸುಲಭದ ದಾರಿಯಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ದರ ಕಟ್ಟಿದಾಗ ಎಂಟಿಆರ್‌ನಂಥ ಎಂಟಿಆರೇ ನಷ್ಟ ತಾಳಲಾರದೆ ಪುಡಿ, ಮಿಕ್ಸುಗಳ ವ್ಯಾಪಾರದ ಕಡೆ ತಿರುಗಿದ್ದು ಗೊತ್ತಲ್ಲ. ಆ ದಿನಗಳಲ್ಲಿ ಎಲ್ಲ ಹೋಟೆಲಿನಲ್ಲೂ ದೋಸೆ ಸಣ್ಣದಾಯಿತು ಅನ್ನುತ್ತಾರೆ ಅಪ್ಪಯ್ಯ. "ಹಿಟ್ಟಿನ ಸೌಟ್ ಬದ್ಲಾಯ್ತ್, ಅಷ್ಟೇ."

ದೋಸೆ ಬಂತು. ಒಂದು ಮೂಲೆ ಮುರಿದರು, ಮೂಸಿದರು, ಬಾಯಿಗಿಟ್ಟರು. ನಾನು ಎಸ್ಸೆಲ್ಸಿ ರಿಸಲ್ಟು ಕಾಯುವವನ ಹಾಗೆ ಮುಖ ನೋಡುತ್ತಿದ್ದೆ.

"ಹಿಟ್ಟ್ ಹುಳಿ ಬರ್ಲಿಲ್ಲ. ಬಣ್ಣಕ್ಕೆ ಸಕ್ರೆ ಹಾಕಿದ್ರ್. ಕಾವ್ಲಿ ಕಾದದ್ ಸಾಲ."

ಮೂರೇ ವಾಕ್ಯ. ಆಮೇಲೆ ಅರ್ಧ ತಿಂದದ್ದನ್ನು ಹಾಗೇ ಬಿಟ್ಟು ಎದ್ದು ಕಾವಲಿಯ ಕಡೆ ನಡೆದರು. ಜಗಳಕ್ಕೆ ಹೋದರೇನೋ ಅಂತ ಎದೆ ಧಸಕ್ಕೆಂದು ನಾನೂ ಹಿಂದೆ ಓಡಿದೆ.

ಕಾವಲಿ ಎದುರಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ, ತಲೆಗೆ ಬಲೆ ಟೋಪಿ, ಕೈಗೆ ಪ್ಲಾಸ್ಟಿಕ್ ಗವಸು. ಕನ್ನಡ ಬಾರದು. ಅಪ್ಪಯ್ಯನ ಹಿಂದಿಯೋ, ಬಳೇಪೇಟೆಯ ಮಾರ್ವಾಡಿ ಗಿರಾಕಿಗಳಿಂದ ಕಲಿತದ್ದು, ಅದರಲ್ಲಿ ಕ್ರಿಯಾಪದಗಳೇ ಇಲ್ಲ. ಆದರೂ ಇಬ್ಬರೂ ಅದು ಹೇಗೋ ಮಾತಾಡಿದರು. ಒಲೆ ಎಲ್ಲಿ? ಒಲೆ ಇಲ್ಲ, ಕರೆಂಟು. ನೀರು ಚಿಮುಕಿಸಿ ಹಿಡಿಸೂಡಿಯಲ್ಲಿ ಗುಡಿಸುವುದಿಲ್ಲವಾ? ಹಿಡಿಸೂಡಿ ಬಿಡುವುದಿಲ್ಲ, ಬಟ್ಟೆ ಮಾತ್ರ. (ಆ ಹಿಡಿಸೂಡಿ ನೀರಿನಲ್ಲಿ ಒಂದು ಗುಟ್ಟಿದೆ. ಕಾವಲಿಯ ಮೈ ಒಂದು ಕ್ಷಣ ತಣಿಯದಿದ್ದರೆ ಹಿಟ್ಟು ಸೌಟಿಗೇ ಅಂಟಿ ಎದ್ದು ಬರುತ್ತದೆ, ಹರಡುವುದಿಲ್ಲ. ನಾವು ಮನೆಯಲ್ಲಿ ಬೈದುಕೊಳ್ಳುವುದು ಹಿಟ್ಟನ್ನು, ತಪ್ಪು ಬಿಸಿಯದ್ದು.) ಹಿಟ್ಟು ಯಾರು ರುಬ್ಬುವುದು? ಗೊತ್ತಿಲ್ಲ, ಬೆಳಿಗ್ಗೆ ಚೀಲದಲ್ಲಿ ಬರುತ್ತದೆ.

"ನಿನ್ನ ಊರು ಯಾವುದು?"

ಒಡಿಶಾ. ಬಂದು ನಾಲ್ಕು ತಿಂಗಳಾಯಿತಂತೆ.

"ಊರಲ್ಲಿ ದೋಸೆ ತಿಂದಿದ್ಯಾ?"

ಹುಡುಗ ನಕ್ಕ. ದೋಸೆ ಅಲ್ಲ, ಚಕುಲಿ ಅಂದ. ಅಮ್ಮ ಮಾಡುತ್ತಾಳಂತೆ. ಅಕ್ಕಿ, ಉದ್ದು ನೆನೆಸಿ ರುಬ್ಬಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕಾವಲಿಗೆ ಹೊಯ್ಯುವುದು. ಅಲ್ಲಿ ಅದನ್ನು ಚಕುಲಿ ಪೀಠಾ ಅನ್ನುತ್ತಾರೆ. ಗವಸಿನ ಕೈಯಲ್ಲೇ ಗಾಳಿಯಲ್ಲಿ ಒಂದು ದೋಸೆ ಹೊಯ್ದು ತೋರಿಸಿದ.

ಅಪ್ಪಯ್ಯ ನನ್ನ ಕಡೆ ತಿರುಗಿದರು. "ಕೇಂಡ್ಯಾ? ಇವನಿಗೆ ಎಲ್ಲ ಗೊತ್ತಿತ್ತ್ ಮಾರಾಯಾ! ಗೊತ್ತಿದ್ದವ್ನ್ ಕೈಗೆ ಚೀಲದ್ ಹಿಟ್ಟ್ ಕೊಟ್ಟಿರ್."

ತಮ್ಮ ಜಾಗಕ್ಕೆ ವಾಪಸು ಬಂದು ತಣ್ಣಗಾಗಿದ್ದ ದೋಸೆಯನ್ನು ಒಂದು ಚೂರೂ ಬಿಡದೆ ತಿಂದರು. ತಿನ್ನುತ್ತಾ, ಯಾವತ್ತೂ ಹೇಳದಿದ್ದ ಒಂದು ಸಂಗತಿ ಹೇಳಿದರು. ಬೆಂಗಳೂರಿಗೆ ಬರುವ ತನಕ ಅವರು ಮಸಾಲೆ ದೋಸೆ ಅನ್ನುವುದನ್ನು ಕಂಡೇ ಇರಲಿಲ್ಲವಂತೆ. ಊರಲ್ಲಿ ಇದ್ದದ್ದು ಉದ್ದಿನ ದೋಸೆ, ನೀರುದೋಸೆ, ಅದೂ ಅಕ್ಕಿ ಇದ್ದ ದಿನ. ಬಂದ ಮೊದಲ ವಾರ ಗಿರಾಕಿಯೊಬ್ಬರು ಅರ್ಧ ಬಿಟ್ಟುಹೋದ ಮಸಾಲೆ ದೋಸೆ ತೊಳೆಯುವ ಜಾಗಕ್ಕೆ ಬಂದಾಗ, ಒಳಗಿನ ಪಲ್ಯ ಕಂಡು ಯಾರೋ ಎಂಜಲು ತುಂಬಿಸಿದ್ದಾರೆ ಅಂದುಕೊಂಡಿದ್ದರಂತೆ. ಆ ಹುಡುಗನೇ ಮುಂದೆ ದಿನಕ್ಕೆ ನೂರಾರು ದೋಸೆ ಹೊಯ್ದು, ಇದು ಬೆಂಗಳೂರಿನ ಅಸಲಿ ರುಚಿ ಅಂತ ಬೆಂಗಳೂರಿನವರಿಂದಲೇ ಹೊಗಳಿಸಿಕೊಂಡದ್ದು.

ನಾವು ಬೆಂಗಳೂರಿನದು ಅಂತ ಎದೆ ತಟ್ಟಿಕೊಳ್ಳುವ ಹೋಟೆಲುಗಳನ್ನೇ ತಗೊಳ್ಳಿ. ಎಂಟಿಆರ್ ಶುರು ಮಾಡಿದ ಮಯ್ಯರಿರಲಿ, ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಇಟ್ಟ ಉರಾಳರಿರಲಿ, ಎಲ್ಲ ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಅವರ ಹಿಂದೆ ಅಪ್ಪಯ್ಯನಂಥ ಸಾವಿರ ಮಾಣಿಗಳು. ಈಗ ಆ ಊರುಗಳ ಮಕ್ಕಳು ಓದಿ ನನ್ನ ಹಾಗೆ ಕಂಪ್ಯೂಟರ್ ಮುಂದೆ ಕೂತಿದ್ದಾರೆ, ಕಾವಲಿಯ ಮುಂದೆ ಒಡಿಶಾದ ಹುಡುಗ. "ಲೋಕಲ್" ಬೋರ್ಡಿನ ಕೆಳಗೆ ಕನ್ನಡ ಬಾರದವನಿದ್ದಾನೆ ಅಂತ ಅದಕ್ಕೂ ಮೊದಲು ಒಂದೆರಡು ಸಲ ನನಗೂ ಕಿರಿಕಿರಿಯಾದದ್ದುಂಟು. ಅಪ್ಪಯ್ಯನಿಗೆ ಅದು ತಲೆಗೇ ಬರಲಿಲ್ಲ. ಅವರ ತಕರಾರೆಲ್ಲ ಹುಳಿ ಬರದ ಹಿಟ್ಟಿನ ಮೇಲೆ.

ಕಾಫಿ ಪರವಾಗಿಲ್ಲ ಅಂದರು. ಹಿತ್ತಾಳೆ ಲೋಟ ಮಾತ್ರ "ತೊಳುಕ್ ರಗಳೆ".

ಅವರು ಹೋಗಿ ವರ್ಷದ ಮೇಲಾಯಿತು. ದೆಹಲಿ ಚಳಿಗೆ ಹಿಟ್ಟು ಉಬ್ಬುವುದೇ ಇಲ್ಲ ಅಂತ ಫೋನಿನಲ್ಲಿ ದಿನಾ ದೂರು. ಅಕ್ಕ ಗ್ರೈಂಡರ್ ತಂದಿದ್ದಾಳೆ, ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಫ್ರಿಜ್ಜಿನ ಹಿಂದೆ, ಬೆಚ್ಚಗಿರುವ ಕಡೆ ಇಡುತ್ತಾರಂತೆ, ಎರಡನೇ ದಿನಕ್ಕೆ ಸ್ವಲ್ಪ ಹುಳಿ. ನಾನ್‌ಸ್ಟಿಕ್ ತವಾ ಮಾತ್ರ ಮುಟ್ಟುವುದಿಲ್ಲ. ಊರಿನ ಮನೆಯಲ್ಲಿ ಒಂದು ಬೀಡಿನ ಕಾವಲಿ ಇದೆ, ಅದು ಬೇಕು ಅನ್ನುತ್ತಿದ್ದಾರೆ. ವಾಪಸು ಬಂದು ತಾನೇ ಉಪಯೋಗಿಸುತ್ತೇನೆ ಅನ್ನಲಿಲ್ಲ, ಕಳಿಸು ಅಂದರು. ನನಗೆ ಅದು ಎರಡು ದಿನ ತಲೆಯಲ್ಲೇ ಕೊರೆಯುತ್ತಿತ್ತು.

ಹೋದ ವಾರ ಊರಿಗೆ ಹೋಗಿ ತಂದಿದ್ದೇನೆ. ತೂಗಿದರೆ ಆರು ಕೆಜಿ. ವಿಮಾನದಲ್ಲಿ ಹದಿನೈದು ಕೆಜಿಯ ಲಗೇಜಿನಲ್ಲಿ ಇದೇ ಆರು ಹೋದರೆ ಅಕ್ಕ ಕೇಳಿದ ಕುಚ್ಚಲಕ್ಕಿ, ಹಪ್ಪಳ ಎಲ್ಲಿಡುವುದು? ಕೊರಿಯರಿನಲ್ಲಿ ಹಾಕಿದರೆ ಬೀಡು, ಬಿದ್ದರೆ ಒಡೆದೇ ಹೋಗುತ್ತದೆ. ನಿಮ್ಮಲ್ಲಿ ಯಾರಾದರೂ ಈ ತಿಂಗಳು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಹೋಗುವವರಿದ್ದರೆ, ಸೀಟಿನ ಕೆಳಗೆ ಒಂದಿಷ್ಟು ಜಾಗ ಇದ್ದರೆ, ದಯವಿಟ್ಟು ತಿಳಿಸಿ. ಸ್ಟೇಷನ್ನಿಗೆ ತಂದುಕೊಡುತ್ತೇನೆ. ಅಲ್ಲಿ ಇಳಿಸಿಕೊಳ್ಳಲು ಅಪ್ಪಯ್ಯ ತಾವೇ ಬರುತ್ತಾರಂತೆ.