ಕಡಲಾಚೆಯ ವೈದ್ಯವಿದ್ಯೆ

ನನ್ನ ಸೋದರಳಿಯನು ರಷ್ಯಾ ದೇಶದಲ್ಲಿ ಆರು ವರ್ಷ ವೈದ್ಯಶಾಸ್ತ್ರವನ್ನು ವ್ಯಾಸಂಗಮಾಡಿ ಪದವೀಧರನಾಗಿ ಹಿಂದಿರುಗಿರುವನು. ಬೀದಿಯವರೆಲ್ಲರೂ ಅವನನ್ನು ಡಾಕ್ಟರೆಂದು ಕರೆಯುವರು. ಸರಕಾರವು ಮಾತ್ರ ಇನ್ನೂ ಕರೆಯಲೊಲ್ಲದು. 2002ರಿಂದ ಜಾರಿಯಲ್ಲಿರುವ ನಿಯಮದಂತೆ, ಅಂತಹ ದೇಶಗಳಲ್ಲಿ ಕಲಿತುಬಂದವರು 300 ಅಂಕಗಳ ಪರೀಕ್ಷೆಯಲ್ಲಿ 150ನ್ನಾದರೂ ಗಳಿಸಿದ ಹೊರತು ಇಲ್ಲಿ ಚಿಕಿತ್ಸೆ ಮಾಡಕೂಡದು. ಹುಡುಗನಿಗೆ ಕಳೆದ ಸಲ ಬಂದದ್ದು 143.

"ಅಣ್ಣಾ, ಏಳು ಅಂಕಕ್ಕೆ ನಾವು ಮಾರಿದ ಹೊಲ ವ್ಯರ್ಥವಾಯಿತೆ? ಇಲ್ಲಿಯೇ ಓದಿದವರಿಗೆ ಈ ಪರೀಕ್ಷೆ ಇಲ್ಲವಂತೆ. ಇದು ನ್ಯಾಯವೆ?" ಎಂದು ತಂಗಿಯು ಕೇಳಿದಳು.

ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೂ ಥಟ್ಟನೆ ಉತ್ತರ ತೋಚಲಿಲ್ಲ. ಅವಳ ಮಾತು ಹುರುಳಿಲ್ಲದ್ದಲ್ಲ. ಅಮೆರಿಕಾದಲ್ಲಿ ಪರದೇಶದವರಂತೆ ತಮ್ಮವರನ್ನೂ ಪರೀಕ್ಷಿಸಿಯೇ ಅನುಮತಿ ಕೊಡುವರು. ನಮ್ಮ 2019ರ ಕಾಯಿದೆಯೂ ಎಲ್ಲರಿಗೂ ಒಂದೇ ಪರೀಕ್ಷೆಯನ್ನು ವಿಧಿಸಿತು; ಬರೆದದ್ದು ನಡೆಗೆ ಬರುವುದಕ್ಕೆ ತಡವಾಗಿದೆ. ಆದರೂ ಪರೀಕ್ಷೆಯೇ ಬೇಡವೆನ್ನಲು ನನ್ನ ನಾಲಗೆ ಏಳದು. ನಾಡಿ ಹಿಡಿದ ಕೈ ಎಲ್ಲಿ ಪಳಗಿತೆಂಬುದನ್ನು ರೋಗಿಯು ಅರಿಯಲಾರನು. ಅವನ ಪರವಾಗಿ ಯಾರಾದರೂ ಕೇಳಲೇಬೇಕಷ್ಟೆ.

ಇದನ್ನೇ ತಂಗಿಗೆ ಹೇಳಿದೆನು. ಅವಳು ಮುಖ ತಿರುಗಿಸಿದಳು. ಹುಡುಗನು ಏನೂ ಆಡದೆ ಒಳಗೆ ಹೋದನು. ರಾತ್ರಿ ಎರಡು ಘಂಟೆಗೆ ನಾನೆದ್ದಾಗ ಅವನ ಕೋಣೆಯಲ್ಲಿ ದೀಪವು ಉರಿಯುತ್ತಿದ್ದಿತು.