ಟಿ59.6

ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾನು ಗುಮಾಸ್ತ. ದಿನವಿಡೀ ಕಾಗದ ಓದೋದೇ ಕೆಲಸ. ಆದರೂ ಚಿಕ್ಕಪ್ಪನ ಮಗ ಮಲದ ಗುಂಡಿಗೆ ಇಳಿದು ಸತ್ತಾಗ ಆಸ್ಪತ್ರೆಯವರು ಕೊಟ್ಟ ಕಾಗದವನ್ನ ನಾನು ಓದದೇ ಮಡಚಿ ಜೇಬಿಗಿಟ್ಟೆ. ಹದಿನೈದು ದಿನ ಆದ್ಮೇಲೆ ಬಿಚ್ಚಿ ನೋಡಿದೆ. ಸಾವಿನ ಕಾರಣ: ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್. ಹೃದಯ ನಿಂತಿತು, ಉಸಿರು ನಿಂತಿತು. ಯಾರು ಸತ್ತರೆ ಇವೆರಡು ನಿಲ್ಲಲ್ಲ ಹೇಳಿ?

ಸಾವಿನ ಕಾರಣ ಬರೆಯೋ ನಮೂನೆ 4ರಲ್ಲೇ ಅಚ್ಚಾಗಿದೆ, ಸಾಯುವ ರೀತಿ ಬರೀಬೇಡಿ, ಸಾವು ತಂದ ಕಾಯಿಲೆ ಇಲ್ಲವೇ ಗಾಯ ಬರೀರಿ ಅಂತ. ಯಾರು ನೋಡ್ತಾರೆ?

ಪ್ರತಿ ಕಾರಣಕ್ಕೂ ಒಂದು ಕೋಡ್ ಇದೆ. ಐಸಿಡಿ-10 ಅಂತಾರೆ, ವಿಶ್ವ ಆರೋಗ್ಯ ಸಂಸ್ಥೆಯದು. ಗುಂಡಿಯೊಳಗೆ ಡೀಸೆಲ್ ಪಂಪು ಓಡಿಸಿದರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಟಿ58. ಮಲ ಕೊಳೆತು ಹುಟ್ಟುವ ಹೈಡ್ರೋಜನ್ ಸಲ್ಫೈಡಿಗೆ ಟಿ59.6. ಇದು ಮೊದಲು ಕೊಳೆತ ಮೊಟ್ಟೆ ನಾತ ಹೊಡೆಯುತ್ತೆ. ಜಾಸ್ತಿಯಾದರೆ ಮೂಗೇ ಸತ್ತುಹೋಗಿ ನಾತ ಗೊತ್ತಾಗಲ್ಲ. ಒಳಗಿದ್ದವನು ಗ್ಯಾಸು ಹೋಯ್ತು ಅಂದ್ಕೋತಾನೆ. ಆಕಸ್ಮಿಕವಾಗಿ ಇಂಥ ಅನಿಲ ಕುಡಿದದ್ದಕ್ಕೆ ಎಕ್ಸ್47. ಆದರೆ ನಮ್ಮ ಹುಡುಗನ ಕಾಗದದಲ್ಲಿದ್ದ ಮಾತಿಗೆ ಸಿಗೋದು ಐ46, ಹೃದಯ-ರಕ್ತನಾಳದ ಕಾಯಿಲೆಗಳ ಅಧ್ಯಾಯದ್ದು. ಇಪ್ಪತ್ತಾರು ವರ್ಷದ ಹುಡುಗ, ಮೂಟೆ ಹೊರುತ್ತಿದ್ದವನು, ಲೆಕ್ಕದಲ್ಲಿ ಹೃದ್ರೋಗಿ ಆಗಿಬಿಟ್ಟ. ಕೋಡ್ ಹಾಕೋರನ್ನ ಬೈಯಲ್ಲ, ಅವರೂ ನನ್ನಂಥವರೇ. ಕಾಗದದಲ್ಲಿ ಇಲ್ಲದ್ದನ್ನ ಅವರು ಎಲ್ಲಿಂದ ತರ್ತಾರೆ?

2013ರ ಕಾಯ್ದೆ ರಕ್ಷಣಾ ಸಾಮಗ್ರಿ ಇಲ್ಲದೆ ಯಾರನ್ನೂ ಇಳಿಸಬಾರದು ಅನ್ನುತ್ತೆ. ಸತ್ತರೆ 10 ಲಕ್ಷ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರಲ್ಲಿ ಅದನ್ನ 30 ಲಕ್ಷ ಮಾಡಿತು. ಚಿಕ್ಕಮ್ಮನ ಜೊತೆ ಅರ್ಜಿ ಹಿಡಿದು ಹೋದರೆ ಟೇಬಲ್ಲಿನ ಆಚೆಯವರು ಕೇಳಿದ್ದು ಒಂದೇ ಮಾತು: "ಇದರಲ್ಲಿ ಗುಂಡಿ ಎಲ್ಲಿದೆ, ಗ್ಯಾಸ್ ಎಲ್ಲಿದೆ? ಹಾರ್ಟ್ ಅಂತ ಐತಲ್ಲ." ಚಿಕ್ಕಮ್ಮ ನನ್ನ ಮುಖ ನೋಡಿದರು. ಮನೇಲಿ ಓದಿದವನು ನಾನೊಬ್ಬನೇ.

ಈಗ ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ ಎರಡನ್ನೂ ಲಗತ್ತಿಸಿ ಮತ್ತೆ ಅರ್ಜಿ ಕೊಟ್ಟಿದ್ದೀವಿ. ಇನ್ನೂ ಉತ್ತರ ಇಲ್ಲ. ನಿಮ್ಮ ಕೇರಿಯಲ್ಲಿ ಇಂಥದ್ದಾದರೆ ಆಸ್ಪತ್ರೆ ಬಾಗಿಲಲ್ಲೇ ಆ ಸಾಲು ಓದಿ. ಗುಂಡಿ, ಗ್ಯಾಸು ಅನ್ನೋ ಮಾತು ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ. ಅರ್ಥವಾಗದಿದ್ದರೆ ಫೋಟೋ ತೆಗೆದು ನನಗೆ ಕಳಿಸಿ, ರಾತ್ರಿ ಎಷ್ಟು ಹೊತ್ತಾದರೂ ಸರಿ.